ವಿಮಾನದಲ್ಲಿ ಮಗುವಿನ ಮೈಮೇಲೆ ಬಿಸಿ ಚಹಾ ಚೆಲ್ಲಿದರೆ

ವಿಮಾನದ ಆ ಪುಟ್ಟ ಟ್ರೇ ನೋಡಿದ್ದೀರಲ್ಲ? ಅದರ ಮೇಲೆ ಬಿಸಿ ಚಹಾ, ಇಲ್ಲವೇ ಕುದಿನೀರು ಹಾಕಿ ಕೊಟ್ಟ ಕಪ್ ನೂಡಲ್ಸ್. ಎರಡು ವರ್ಷದೊಳಗಿನ ಮಗು ನಿಮ್ಮ ತೊಡೆ ಮೇಲೇ ಕೂತಿರುತ್ತದೆ, ಕೈ ನೇರ ಕಪ್ಪಿಗೇ ಹೋಗುತ್ತದೆ. ಮೇಲೆ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು 92 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಕುದಿಯಬಹುದು. ಎಳೆ ಚರ್ಮ ಸುಡಲು ಅಷ್ಟು ಧಾರಾಳ ಸಾಕು.

ಚೆಲ್ಲಿತು ಅಂದುಕೊಳ್ಳಿ. ಮೊದಲು ಒದ್ದೆ ಬಟ್ಟೆ ಬಿಚ್ಚಿ. ಡೈಪರ್ ಮರೆಯಬೇಡಿ, ಬಿಸಿ ದ್ರವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದು ಅದೇ. ಉಡಿದಾರ, ಬಳೆ, ಕಾಲ್ಗೆಜ್ಜೆ ಇದ್ದರೆ ಊತ ಬರುವ ಮೊದಲೇ ತೆಗೆಯಿರಿ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಮಾತ್ರ ಎಳೆಯಬೇಡಿ. ಇಷ್ಟರಲ್ಲಿ ಪಕ್ಕದವರು ಕರೆ ಗುಂಡಿ ಒತ್ತಲಿ. ಯಾರೂ ಬರದಿದ್ದರೆ ಜೋರಾಗಿ ಕೂಗಿ.

ಮುಂದಿನದು ನೀರು. ಸುಟ್ಟ ಜಾಗದ ಮೇಲೆ ತಣ್ಣೀರು 20 ನಿಮಿಷ ಹರಿಯಬೇಕು. ಟಾಯ್ಲೆಟ್ಟಿನ ನಲ್ಲಿಯಲ್ಲಿ ಸಣ್ಣ ಧಾರೆ, ನಿಲ್ಲಲೂ ಜಾಗವಿಲ್ಲ. ಹಾಗಾಗಿ ಕುಡಿಯುವ ನೀರಿನ ಬಾಟಲಿ ಕೇಳಿ, ನಿಧಾನವಾಗಿ ಸುರಿಯುತ್ತಾ ಇರಿ. ಒಂದು ಮುಗಿದರೆ ಇನ್ನೊಂದು. ನಮ್ಮವರು ಸಂಕೋಚ ಪಡುವುದು ಇಲ್ಲೇ: ಸೀಟು ಒದ್ದೆಯಾಗುತ್ತದೆ, ಜನ ನೋಡುತ್ತಾರೆ ಅಂತ ಎರಡೇ ನಿಮಿಷಕ್ಕೆ ನಿಲ್ಲಿಸಿಬಿಡುತ್ತಾರೆ. ಸೀಟು ಒಣಗುತ್ತದೆ ಬಿಡಿ. ನೀರು ಸಾಲದಿದ್ದರೆ ಒದ್ದೆ ಬಟ್ಟೆ ಇಟ್ಟು, ಅದು ಬೆಚ್ಚಗಾದ ಕೂಡಲೇ ಬದಲಿಸಿ. ಉಳಿದ ಮೈಗೆ ಕಂಬಳಿ ಹೊದಿಸಿ, ಪುಟ್ಟ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ.

ಐಸ್ ನೇರವಾಗಿ ಇಡಬೇಡಿ, ಚರ್ಮ ಇನ್ನೂ ಹಾಳಾಗುತ್ತದೆ. ಟೂತ್‌ಪೇಸ್ಟ್, ಬೆಣ್ಣೆ, ಅರಿಶಿನ ಯಾವುದೂ ಬೇಡ. ಹಿಂದಿನ ಸೀಟಿನ ಅಜ್ಜಿ ಎಷ್ಟೇ ಪ್ರೀತಿಯಿಂದ ಹೇಳಿದರೂ ಬೇಡ. ಗುಳ್ಳೆ ಎದ್ದರೆ ಒಡೆಯಬೇಡಿ.

ಆಮೇಲೆ ಸಿಬ್ಬಂದಿಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಿಂದ ಅಂಟದ ಡ್ರೆಸ್ಸಿಂಗ್ ಕೇಳಿ ಸಡಿಲವಾಗಿ ಮುಚ್ಚಿ. ಪ್ರಯಾಣಿಕರಲ್ಲಿ ವೈದ್ಯರಿದ್ದಾರಾ ಎಂದು ಮೈಕಿನಲ್ಲಿ ವಿಚಾರಿಸಲು ಹೇಳಿ. ಮುಖ, ಕೈ, ಪಾದ, ಗುಪ್ತಾಂಗ ಸುಟ್ಟಿದ್ದರೆ, ಅಥವಾ ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಇಳಿದ ತಕ್ಷಣ ಆಂಬುಲೆನ್ಸ್ ಸಿಗುವಂತೆ ಪೈಲಟ್ ಮೊದಲೇ ಕೆಳಗಿನ ವಿಮಾನ ನಿಲ್ದಾಣಕ್ಕೆ ತಿಳಿಸಬಹುದು. ಅದನ್ನೂ ಬಾಯಿಬಿಟ್ಟು ಕೇಳಿ.

ಮಗು ಸ್ವಲ್ಪ ಸಮಾಧಾನವಾದ ಮೇಲೆ ಕಾಗದದ ಕೆಲಸ. ಗಾಯದ ಫೋಟೊ, ಬೋರ್ಡಿಂಗ್ ಪಾಸ್, ಸಿಬ್ಬಂದಿ ಬರೆದ ವರದಿಯ ಪ್ರತಿ, ಪಕ್ಕದವರ ಫೋನ್ ನಂಬರ್ ಇಟ್ಟುಕೊಳ್ಳಿ. 'ಕಪ್ ಇಟ್ಟಿದ್ದು ನಾನೇ, ಯಾರನ್ನು ಕೇಳಲಿ' ಅಂತ ಸುಮ್ಮನಾಗಬೇಡಿ. 2015ರಲ್ಲಿ ಸ್ಪೇನಿನ ಮಲ್ಯೋರ್ಕಾ ದ್ವೀಪದಿಂದ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೊರಟಿದ್ದ ವಿಮಾನದಲ್ಲಿ ಅಪ್ಪನ ಟ್ರೇಯಿಂದ ಕಾಫಿ ಜಾರಿ ಆರು ವರ್ಷದ ಹುಡುಗಿ ಸುಟ್ಟುಕೊಂಡಳು. ಕಪ್ ಯಾಕೆ ಜಾರಿತು ಎಂಬುದು ಗೊತ್ತಾಗಲೇ ಇಲ್ಲ. ಆದರೂ 2019ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಇದನ್ನು 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಅಂದರೆ ಅಂತರರಾಷ್ಟ್ರೀಯ ವಿಮಾನದಲ್ಲಿ ಪ್ರಯಾಣಿಕರಿಗೆ ಗಾಯವಾದರೆ ವಿಮಾನ ಕಂಪನಿಯ ಹೊಣೆ ಏನೆಂದು ಹೇಳುವ ಒಪ್ಪಂದದ ಪ್ರಕಾರ, ಕಂಪನಿ ಹೊಣೆ ಹೊರಬೇಕಾದ 'ಅಪಘಾತ' ಎಂದೇ ಹೇಳಿತು. ಭಾರತ 2009ರಲ್ಲಿ ಇದೇ ಒಪ್ಪಂದಕ್ಕೆ ಸೇರಿದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹೀಗಾಗಿದ್ದರೆ ಪರಿಹಾರ ಕೇಳಿ ದಾವೆ ಹೂಡಲು ಎರಡು ವರ್ಷ ಸಮಯವಿರುತ್ತದೆ. ಆಸ್ಪತ್ರೆಯ ಬಿಲ್ಲುಗಳನ್ನು ಅಲ್ಲಿಯವರೆಗೆ ಬಿಸಾಡಬೇಡಿ.