ಸೋಲಾರ್ ಬಗ್ಗೆ ಹೇಳೋಕೆ ಹೋದರೆ ಮೊದಲು ಕರೆಂಟ್ ಬಿಲ್ ತರಿಸಿ

ಪುಣೆಯ ಕೋಥ್ರೂಡ್ ಕಡೆ ನಾವು ಕೆಲವು ಕನ್ನಡದ ಮನೆಯವರು ಸೇರಿ ಸೋಲಾರ್ ಕರೆಂಟ್ ಬಗ್ಗೆ ಜನರಿಗೆ ತಿಳಿಸುವ ಕೆಲಸ ಮಾಡುತ್ತಿದ್ದೇವೆ. ಭಜನೆ, ಅರಿಶಿನ ಕುಂಕುಮ, ಸೊಸೈಟಿ ಮೀಟಿಂಗ್, ಎಲ್ಲಿ ನಾಲ್ಕು ಜನ ಸೇರುತ್ತಾರೋ ಅಲ್ಲಿ ಅರ್ಧ ಗಂಟೆ ಕೇಳಿಕೊಳ್ಳುತ್ತೇವೆ. ನಿಮ್ಮ ಏರಿಯಾದಲ್ಲೂ ಮಾಡಬೇಕು ಅನ್ನಿಸಿದ್ದರೆ ನಮ್ಮ ರೀತಿ ಉಪಯೋಗಕ್ಕೆ ಬರಬಹುದು.

ಬರುವವರಿಗೆ ಮೊದಲೇ ಹೇಳಿರುತ್ತೇವೆ, ಮಹಾವಿತರಣದ, ಅಂದರೆ ಇಲ್ಲಿನ ಸರ್ಕಾರಿ ವಿದ್ಯುತ್ ಕಂಪನಿಯ, ಬಿಲ್ ತನ್ನಿ ಅಂತ. ಪರಿಸರದ ಭಾಷಣ ನಾವು ಇಟ್ಟುಕೊಂಡೇ ಇಲ್ಲ. ಭೂಮಿ ಬಿಸಿಯಾಗುತ್ತಿರುವುದು ಎಲ್ಲರಿಗೂ ಗೊತ್ತು, ಅದನ್ನು ಇನ್ನೊಮ್ಮೆ ಕೇಳಿಸಿಕೊಂಡು ಯಾರೂ ಟೆರೇಸ್ ಹತ್ತುವುದಿಲ್ಲ. ಬಿಲ್ಲಿನಲ್ಲಿ ಹಿಂದಿನ ತಿಂಗಳುಗಳ ಯೂನಿಟ್ ಇರುತ್ತದಲ್ವಾ, ಪೆನ್ನು ಕೊಟ್ಟು ಅವರಿಂದಲೇ ಮೇ ತಿಂಗಳಿಗೂ ಡಿಸೆಂಬರ್‌ಗೂ ಸುತ್ತು ಹಾಕಿಸುತ್ತೇವೆ. ಅಲ್ಲಿಂದ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಲೆಕ್ಕ ಸುಲಭ. ಒಂದು ಕಿಲೋವ್ಯಾಟ್ ಪ್ಯಾನೆಲ್‌ನಿಂದ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ, ಅದಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ತಿಂಗಳಿಗೆ 300 ಯೂನಿಟ್ ಆಸುಪಾಸು ಬಳಸುವ ಮನೆಗೆ 3 ಕಿಲೋವ್ಯಾಟ್ ಸಾಕು. ಖರ್ಚು ಒಂದೂವರೆಯಿಂದ ಎರಡು ಲಕ್ಷ. 2024ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಈ ದುಡ್ಡು ನೇರವಾಗಿ ಮನೆಯವರ ಖಾತೆಗೇ ಬರುತ್ತದೆ. ಅದಕ್ಕೇ, ಸಬ್ಸಿಡಿ ಮಾಡಿಸಿಕೊಡ್ತೀನಿ, ಮೊದಲು ಇಷ್ಟು ಕೊಡಿ ಅನ್ನುವವರಿಗೆ ಒಂದು ರೂಪಾಯಿನೂ ಕೊಡಬೇಡಿ ಅಂತ ಒತ್ತಿ ಹೇಳುತ್ತೇವೆ.

ಸುಮಾರು ಜನರ ತಲೆಯಲ್ಲಿ ಸೋಲಾರ್ ಅಂದರೆ ಬಿಸಿನೀರಿನ ಟ್ಯಾಂಕ್. ಪುಣೆಯ ಟೆರೇಸ್‌ಗಳ ಮೇಲೆ ಎಲ್ಲೆಲ್ಲೂ ಅದೇ ಕಾಣುವಾಗ ಹಾಗೆ ಅನ್ನಿಸುವುದು ಸಹಜ. ಅದು ಬಿಸಿಲಿನಿಂದ ನೀರು ಕಾಯಿಸುತ್ತದೆ, ಇದು ಕರೆಂಟ್ ಮಾಡುತ್ತದೆ, ಎರಡೂ ಬೇರೆ ಬೇರೆ ಅಂತ ಬಿಡಿಸಿ ಹೇಳಿದ ಮೇಲೆಯೇ ಮಾತು ಮುಂದೆ ಹೋಗುತ್ತದೆ.

ಇದರಿಂದ ಏನು ಆಗುವುದಿಲ್ಲ ಅನ್ನುವುದನ್ನು ನಾವೇ ಮೊದಲು ಹೇಳಿಬಿಡಬೇಕು. ಬೇರೆಯವರಿಂದ ಗೊತ್ತಾದರೆ ನಮ್ಮ ಮಾತಿನ ಮೇಲೆ ನಂಬಿಕೆ ಹೋಗುತ್ತದೆ. ಬಿಲ್ ಪೂರ್ತಿ ಸೊನ್ನೆ ಆಗುವುದಿಲ್ಲ, ಬಿಲ್ಲಿನಲ್ಲಿ 'ಸ್ಥಿರ್ ಆಕಾರ್' ಅಂತ ಇರುವ ಫಿಕ್ಸೆಡ್ ಚಾರ್ಜ್ ಕಟ್ಟಲೇಬೇಕು. ಇನ್ನು ಬ್ಯಾಟರಿ ಇಲ್ಲದ ಸಿಸ್ಟಮ್ ಆದರೆ, ಕರೆಂಟ್ ಹೋದಾಗ ಎಷ್ಟೇ ಬಿಸಿಲಿದ್ದರೂ ಅದೂ ನಿಂತುಬಿಡುತ್ತದೆ. ಇದು ಕೇಳಿ ಬೇಜಾರಾಗುವವರು ಜಾಸ್ತಿ. ಆದರೆ ಲೈನ್‌ಮ್ಯಾನ್ ಕಂಬ ಹತ್ತಿ ರಿಪೇರಿ ಮಾಡುತ್ತಿರುವಾಗ ನಮ್ಮ ಟೆರೇಸಿನ ಕರೆಂಟ್ ಆ ತಂತಿಗೆ ಹರಿದರೆ ಅವನ ಜೀವಕ್ಕೇ ಅಪಾಯ, ಅದಕ್ಕೇ ಹಾಗೆ ಮಾಡಿದ್ದಾರೆ ಅಂದರೆ ಎಲ್ಲರೂ ಒಪ್ಪುತ್ತಾರೆ. ವಿಜಯಪುರ ಕಡೆಯ ಒಬ್ಬ ಅಜ್ಜಿ ಕೇಳಿದರು, "ಮಳಿಗಾಲದಾಗ ಏನ್ ಮಾಡೂದ್ರೀ?" ಒಳ್ಳೆಯ ಪ್ರಶ್ನೆ. ಮೋಡ ಕವಿದರೆ ಉತ್ಪಾದನೆ ಇಳಿಯುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ಬಳಸಿ ಉಳಿದ ಯೂನಿಟ್ ಲೈನಿಗೆ ಹೋಗಿ, ಬಂದ ಕರೆಂಟ್ ಹೋದ ಕರೆಂಟ್ ಎರಡನ್ನೂ ಎಣಿಸುವ ನೆಟ್ ಮೀಟರ್‌ನಲ್ಲಿ ಜಮಾ ಆಗಿರುತ್ತದೆ, ಮಳೆಗಾಲದ ಬಿಲ್ಲಿನಲ್ಲಿ ಅದು ಕಳೆಯುತ್ತದೆ. "ಹಂಗಾರ ಹಪ್ಪಳ ಸಂಡಿಗಿ ಇದ್ದಂಗ ಬಿಡ್ರಿ" ಅಂದರು ಅಜ್ಜಿ. ಈಗ ನಾನೂ ಎಲ್ಲ ಕಡೆ ಹಾಗೆಯೇ ಹೇಳುತ್ತೇನೆ.

ಮಾತಿಗಿಂತ ಜಾಸ್ತಿ ಕೆಲಸ ಮಾಡಿದ್ದು ಟೆರೇಸ್. ಈಗಾಗಲೇ ಪ್ಯಾನೆಲ್ ಇರುವ ಕಟ್ಟಡಕ್ಕೆ ಮಧ್ಯಾಹ್ನದ ಬಿಸಿಲಿನಲ್ಲೇ ಕರೆದುಕೊಂಡು ಹೋಗುತ್ತೇವೆ. ಒಬ್ಬರು ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ಬದಲಿಸುವ ಪೆಟ್ಟಿಗೆ) ಮುಂದೆ ನಿಂತು ಎಷ್ಟು ಕರೆಂಟ್ ಬರುತ್ತಿದೆ ಅನ್ನುವ ಅಂಕಿ ಓದಬೇಕು, ಇನ್ನಿಬ್ಬರು ಒಂದು ಪ್ಯಾನೆಲ್ ಮೇಲೆ ಬೆಡ್‌ಶೀಟ್ ನೆರಳು ಬೀಳುವ ಹಾಗೆ ಹಿಡಿಯಬೇಕು. ಅಂಕಿ ಕೆಳಗಿಳಿಯುತ್ತದೆ, ಬೆಡ್‌ಶೀಟ್ ತೆಗೆದರೆ ಮತ್ತೆ ಏರುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಪ್ಯಾನೆಲ್‌ನ ಒಂದು ಮೂಲೆ ಒರೆಸಿ ಆ ಬಟ್ಟೆ ತೋರಿಸುತ್ತೇವೆ. ಪುಣೆಯ ಧೂಳು ಗೊತ್ತಲ್ಲ! ಆಗಾಗ ತೊಳೆಯಬೇಕು ಅಂತ ಬೇರೆ ಹೇಳಬೇಕಾಗುವುದಿಲ್ಲ. ಆದರೆ ತೊಳೆಯುವುದು ಮಾತ್ರ ಬೆಳಗ್ಗೆ, ಗಾಜು ಬಿಸಿಯಾಗುವ ಮೊದಲು.

ಮಕ್ಕಳಿಗೆ ಸೀಮೆಸುಣ್ಣ ಕೊಟ್ಟು ನೀರಿನ ಟ್ಯಾಂಕಿನ ನೆರಳು ಗುರುತು ಮಾಡಿಸಿ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ, ಸಂಜೆ. ಡಿಸೆಂಬರ್‌ನಲ್ಲಿ ಮಾಡಿದರೆ ಒಳ್ಳೆಯದು, ಆಗ ನೆರಳು ಉದ್ದ, ಉತ್ತರದ ಕಡೆ ಚಾಚಿರುತ್ತದೆ. ಆ ಗೆರೆಗಳ ಹೊರಗೆ ಉಳಿದ ಜಾಗವೇ ನಿಮ್ಮ ಪ್ಯಾನೆಲ್‌ನ ಜಾಗ, ಯಾವ ಕಂಪನಿಯವರು ಬಂದು ಏನೇ ನಕ್ಷೆ ತೋರಿಸಿದರೂ ಇದರ ಜೊತೆ ಹೋಲಿಸಿ ನೋಡಬಹುದು.

ಬಾಡಿಗೆಯಲ್ಲಿ ಇರುವವರು, ನಮಗೇನು ಉಪಯೋಗ ಅಂತ ಸುಮ್ನೆ ಎದ್ದು ಹೋಗುತ್ತಾರೆ. ಅವರನ್ನು ಬಿಡಬೇಡಿ. ಲಿಫ್ಟ್, ನೀರಿನ ಪಂಪ್, ಮೆಟ್ಟಿಲ ದೀಪ, ಇವೆಲ್ಲ ಸೊಸೈಟಿಯ ಕಾಮನ್ ಮೀಟರ್ ಮೇಲೆ ಓಡುತ್ತವೆ, ಅದಕ್ಕೂ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ. ಸೊಸೈಟಿಯ ಸರ್ವಸಾಧಾರಣ ಸಭೆಗೆ ಮೊದಲೇ ಸೆಕ್ರೆಟರಿಯಿಂದ ಆ ಮೀಟರಿನ ಒಂದು ವರ್ಷದ ಬಿಲ್‌ಗಳನ್ನು ಕೇಳಿ ತೆಗೆದುಕೊಳ್ಳಿ, ಮತ್ತು ವಿಷಯವನ್ನು ಅಜೆಂಡಾದಲ್ಲಿ ಬರೆಸಿ.