ಬ್ರಿಟಿಷ್ ಪೌರತ್ವದ ಅರ್ಜಿ, ದಾವಣಗೆರೆಯಲ್ಲಿ ಅವ್ವ: ಎರಡನ್ನೂ ಒಟ್ಟಿಗೇ ನಿಭಾಯಿಸಿದ ನನ್ನ ಅನುಭವ

ಅರ್ಜಿ ಹಾಕಿದ ಮೇಲೆ ದೇಶ ಬಿಟ್ಟು ಹೋಗಬೇಡ ಅಂತ ಬ್ರಿಟನ್ನಿನ ನಮ್ಮ ಆಸ್ಪತ್ರೆ ವಾರ್ಡಿನ ಮಲಯಾಳಿ ಸಿಸ್ಟರ್‌ಗಳಿಂದ ಹಿಡಿದು ದಾವಣಗೆರೆ ನಿಟ್ಟುವಳ್ಳಿಯ ಚಿಕ್ಕಪ್ಪನವರೆಗೆ ಎಲ್ಲರೂ ಹೇಳಿದ್ದರು. ಇಲ್ಲಿನ ಒಬ್ಬ ವಕೀಲರಂತೂ ಫಾರ್ಮ್ ತುಂಬಿಕೊಡೋಕೆ ಸಾವಿರದ ಇನ್ನೂರು ಪೌಂಡ್ ಹೇಳಿ, "ಮೊದಲು ತಾಯಿಯನ್ನ ನೋಡ್ಕೊಳ್ಳಿ, ಪೌರತ್ವ ಎಲ್ಲಿಗೂ ಓಡಿಹೋಗಲ್ಲ" ಅಂದರು. ಪೌರತ್ವ, ಸೊಂಟ ಮುರಿದುಕೊಂಡ ಅವ್ವನ ಆರೈಕೆ, ಎರಡನ್ನೂ ಒಟ್ಟಿಗೇ ಮಾಡಿದೆ, ವಕೀಲರಿಲ್ಲದೆ. ಬ್ರಿಟಿಷ್ ಪಾಸ್‌ಪೋರ್ಟ್ ಕೈಗೆ ಬಂದಿದೆ. ಅವ್ವ ವಾಕರ್ ಹಿಡಿದು ಅಡುಗೆಮನೆವರೆಗೆ ಬಂದು ಅತ್ತಿಗೆ ಮಾಡಿದ ಸಾರಿಗೆ ಉಪ್ಪು ಕಮ್ಮಿ ಅಂತ ಹೇಳಿ ಹೋಗ್ತಾಳೆ. ಐಎಲ್‌ಆರ್ (ಬ್ರಿಟನ್ನಿನಲ್ಲಿ ಕಾಯಂ ಇರೋ ಅನುಮತಿ), ಪೌರತ್ವಕ್ಕೆ ಬೇಕಾದ ಲೈಫ್ ಇನ್ ದ ಯುಕೆ ಪರೀಕ್ಷೆ, ನಮ್ಮನ್ನ ಬಲ್ಲೆವು ಅಂತ ಸಹಿ ಹಾಕೋ ಇಬ್ಬರು ರೆಫರಿಗಳು, ಇದೆಲ್ಲ ಗೊತ್ತಿರೋರಿಗೇ ಇದನ್ನ ಬರೀತಿದೀನಿ.

ಅರ್ಜಿ ಹಾಕಿದ ಮೇಲೆ ಪ್ರಯಾಣ ಮಾಡಬಾರದು ಅನ್ನೋ ನಿಯಮವೇ ಇಲ್ಲ. ಬೆರಳಚ್ಚು ಕೊಟ್ಟು ಮುಗಿದರೆ ಆಯ್ತು. ಪಾಸ್‌ಪೋರ್ಟ್ ಪುಟಗಳನ್ನ ಸ್ಕ್ಯಾನ್ ಮಾಡಿ ಏರಿಸೋದಷ್ಟೇ, ಮೂಲ ನಮ್ಮ ಹತ್ತಿರವೇ ಇರುತ್ತೆ. ನಿಜವಾದ ಸಿಕ್ಕು ಇರೋದು ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ, ಆಮೇಲೆ ಪೌರತ್ವದ ಪ್ರಮಾಣವಚನ ಆದ ನಂತರದ ಕೆಲವು ವಾರಗಳಲ್ಲಿ. ಜನ ಹೆದರೋದು ಇವೆರಡರ ನಡುವಿನ ಆರು ತಿಂಗಳಿಗೆ!

ಅವ್ವ ಬಿದ್ದಿದ್ದು 2024ರ ಶಿವರಾತ್ರಿ ಮುಗಿದ ವಾರ, ಬಚ್ಚಲುಮನೆಯಲ್ಲಿ. ಸೊಂಟದ ಮೂಳೆ. ಶಸ್ತ್ರಚಿಕಿತ್ಸೆ, ಇಂಪ್ಲಾಂಟ್, ವಾರ್ಡ್ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ. ತುರ್ತಾಗಿ ತಗೊಂಡ ಟಿಕೆಟ್ ಒಂಬೈನೂರು ಪೌಂಡ್ ದಾಟಿತ್ತು. ಬೆಂಗಳೂರಿಗೆ ನಸುಕಿನಲ್ಲಿ ಇಳಿದು, ವಂದೇ ಭಾರತ್ ತಪ್ಪಿಸಿಕೊಂಡು, ಬಸ್ಸಿನಲ್ಲಿ ಹೈವೇ ಹಿಡಿದು ಬಂದೆ. ನಾನು ಕೆಲಸ ಮಾಡೋ ಎನ್‌ಎಚ್‌ಎಸ್‌ನಲ್ಲಿ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಐದು ವರ್ಷ ಸರ್ವೀಸ್ ಆದ ಮೇಲೆ ವರ್ಷಕ್ಕೆ 29 ದಿನ ರಜೆ. ಅದನ್ನೆಲ್ಲ ಸುರಿದರೂ ಸಾಲದೆ ಸಂಬಳವಿಲ್ಲದ ರಜೆ ಕೇಳಬೇಕಾಯ್ತು. ಅಂದರೆ ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಪೌಂಡಿಗೆ ಕತ್ತರಿ. ಮೇಟ್ರನ್‌ಗೆ ಬರೆದ ಪತ್ರದಲ್ಲಿ ಏನು ಬರೆದೆ ಅಂತ ಮೂವರು ಗೆಳತಿಯರು ಕೇಳಿದಾರೆ. ಅದನ್ನ ಇಲ್ಲಿ ಹಾಕಲ್ಲ, ಅದೇ ಒಕ್ಕಣೆ ಹತ್ತು ಜನ ಕಳಿಸಿದರೆ ಯಾರಿಗೂ ರಜೆ ಸಿಗಲ್ಲ.

ಈಗ ಲೆಕ್ಕಕ್ಕೆ ಬರೋಣ. ಅರ್ಜಿಗೆ ಹಿಂದಿನ ಐದು ವರ್ಷದಲ್ಲಿ 450 ದಿನ, ಕೊನೆಯ ಹನ್ನೆರಡು ತಿಂಗಳಲ್ಲಿ 90 ದಿನ, ಅದಕ್ಕಿಂತ ಹೆಚ್ಚು ಬ್ರಿಟನ್ನಿನಿಂದ ಹೊರಗಿರಬಾರದು. ಹಿಂದಿನ ದಸರಾಕ್ಕೂ ಊರಿಗೆ ಹೋಗಿದ್ದರಿಂದ ಅವ್ವನ ಆರೈಕೆ ಮುಗಿಸಿ ವಾಪಸ್ ಬರೋ ಹೊತ್ತಿಗೆ ಎಂಬತ್ತರ ಆಸುಪಾಸಿಗೆ ಬಂದು ನಿಂತಿತ್ತು. ಇಲ್ಲೊಂದು ಅನುಕೂಲ ಇದೆ: ಹೊರಟ ದಿನವನ್ನೂ ಬಂದಿಳಿದ ದಿನವನ್ನೂ ಗೈರು ಅಂತ ಹಿಡಿಯಲ್ಲ, ನಡುವಿನ ಪೂರ್ತಿ ದಿನಗಳು ಮಾತ್ರ. ಸಾಲಾಗಿ ಬರೆದು ಕಳೆದಾಗ ಗೆಳತಿಯರ ದಿನ ಎಣಿಸೋ ಆ್ಯಪ್ ತೋರಿಸ್ತಿದ್ದದ್ದಕ್ಕಿಂತ ನನ್ನ ಲೆಕ್ಕ ಕಮ್ಮಿಯೇ ಬಂತು.

ಇದಕ್ಕಿಂತ ದೊಡ್ಡ ಗಂಟು ಇನ್ನೊಂದು. ಅರ್ಜಿ ತಲುಪೋ ದಿನಕ್ಕೆ ಸರಿಯಾಗಿ ಐದು ವರ್ಷದ ಹಿಂದೆ ನೀವು ಬ್ರಿಟನ್ ನೆಲದ ಮೇಲೆ ಇದ್ದಿರಬೇಕು. ನಾನು ಮೇ ತಿಂಗಳ ನಡುವೆ ಹಾಕೋದು ಅಂತ ಎಲ್ಲ ಜೋಡಿಸಿಟ್ಟಿದ್ದೆ. ಹಳೇ ಪಾಸ್‌ಪೋರ್ಟಿನ ಮುದ್ರೆ ನೋಡಿದರೆ 2019ರ ಆ ವಾರ ನಾನು ದಾವಣಗೆರೆಯಲ್ಲಿ, ತಂಗಿ ಮದುವೆಯಲ್ಲಿ! ಮೊಬೈಲಿನಲ್ಲಿ ಇರೋ ಮದುವೆ ಫೋಟೊಗಳ ತಾರೀಖೂ ಅದನ್ನೇ ಹೇಳ್ತಿತ್ತು. ಅರ್ಜಿಯನ್ನ ಜೂನ್‌ಗೆ ಸರಿಸಿದೆ. ಸರಿಸಿದ್ದರಿಂದ ಹನ್ನೆರಡು ತಿಂಗಳ ಕಿಟಕಿಯೂ ಮುಂದಕ್ಕೆ ಜರುಗುತ್ತೆ, ಗೈರಿನ ಲೆಕ್ಕ ಮತ್ತೆ ಹಾಕಬೇಕು. ದಸರಾ ಅದರ ಒಳಗೇ ಉಳೀತು, ಆದರೂ ನನ್ನ ಪುಣ್ಯ, ಹೊಸದೇನೂ ಸೇರಲಿಲ್ಲ. ಶುಲ್ಕ 1,630 ಪೌಂಡ್, ರೂಪಾಯಿಯಲ್ಲಿ ಒಂದೂಮುಕ್ಕಾಲು ಲಕ್ಷದ ಹತ್ತಿರ. 2025ರ ಏಪ್ರಿಲ್‌ನಲ್ಲಿ ಅದು 1,735 ಆಯ್ತು.

ನಡುವೆ ಒಂದಿಷ್ಟು ಪ್ರಯೋಗ ಮಾಡಿದೆ. ಅವ್ವನನ್ನೇ ಇಲ್ಲಿಗೆ ಕರೆಸೋಣ ಅಂತ ವಯಸ್ಕ ಅವಲಂಬಿತರ ವೀಸಾ ನೋಡಿದೆ. ಮೂರು ಸಾವಿರ ಪೌಂಡಿಗೂ ಮೇಲೆ ಶುಲ್ಕ. ಬೇಕಾದ ಆರೈಕೆ ಅಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ ಅಂತ ಸಾಬೀತು ಮಾಡಬೇಕು. ಮೆಡಿಕಲ್ ಕಾಲೇಜುಗಳಿರೋ ದಾವಣಗೆರೆಯಂಥ ಊರಿನಿಂದ ಅದನ್ನ ಯಾರು ನಂಬ್ತಾರೆ? ಕೈಬಿಟ್ಟೆ. ಆಮೇಲೆ ರಾತ್ರಿಗೆ ಒಬ್ಬ ಹುಡುಗಿಯನ್ನ ಇಟ್ಟೆವು, ತಿಂಗಳಿಗೆ ಹದಿನೈದು ಸಾವಿರ. ಎರಡನೇ ತಿಂಗಳಿಗೇ ಹದಿನೆಂಟು ಕೇಳಿದಳು, ಕೊಟ್ಟೆ, ಆಮೇಲೆ ಬಂದ ಹಬ್ಬದ ಮಾರನೇ ದಿನವೇ ಕೆಲಸ ಬಿಟ್ಟಳು. ಕ್ಯಾಮೆರಾ ಹಾಕಿಸಿದೆ. ನೈಟ್ ಡ್ಯೂಟಿ ಬ್ರೇಕಿನಲ್ಲಿ ಮೊಬೈಲ್ ತೆಗೆದು ನೋಡಿದರೆ ಪರದೆ ತುಂಬ ನೀಲಿ ಇಳಕಲ್ ಅಂಚು. ಅವ್ವ ಕ್ಯಾಮೆರಾ ಮೇಲೆ ಸೀರೆ ಒಣಹಾಕಿಸಿದ್ದಳು. ಫೋನ್ ಮಾಡಿದರೆ, "ಹಗಲೂ ರಾತ್ರಿ ನನ್ನ ನೋಡಾಕ ನಾನೇನು ಟೀವೀನೇನವಾ?" ಅಂದಳು. ಕೊನೆಗೆ ಕೆಲಸಕ್ಕೆ ಬಂದಿದ್ದು ಎದುರುಮನೆ ಮೆಡಿಕಲ್ ಶಾಪಿನ ಅಣ್ಣ ದಿನಾ ರಾತ್ರಿ ಅಂಗಡಿ ಮುಚ್ಚಿ ಬಂದು ಬಿಪಿ ನೋಡಿ ವಾಟ್ಸ್ಆ್ಯಪ್ ಹಾಕೋದು. ದುಡ್ಡು ಬೇಡ ಅಂದರು. ಹೋದಾಗೆಲ್ಲ ಅವರ ಮಕ್ಕಳಿಗೆ ಚಾಕೊಲೇಟ್ ಡಬ್ಬ ಒಯ್ತೀನಿ.

ಗಣೇಶನ ಹಬ್ಬದ ಹೊತ್ತಿಗೆ ಅವ್ವನ ಆಪರೇಷನ್ ಗಾಯ ಕೀವಾಯ್ತು. ಅರ್ಜಿ ಹೋಂ ಆಫೀಸಿನಲ್ಲಿ (ಬ್ರಿಟನ್ನಿನ ಗೃಹ ಇಲಾಖೆ), ನಾನು ವಿಮಾನದಲ್ಲಿ. ಏನೂ ಆಗಲಿಲ್ಲ. ಮಂಜೂರಾತಿ ಪತ್ರ ಬಂದಿದ್ದು ಡಿಸೆಂಬರ್‌ನಲ್ಲಿ. ಅದೇ ವಾರ ದಾವಣಗೆರೆಯ ಡಾಕ್ಟರು ಮತ್ತೆ ತೆರೆದು ನೋಡಬೇಕು ಅಂದರು.

ಪತ್ರ ಬಂದ ಮೇಲೆ ಪ್ರಮಾಣವಚನಕ್ಕೆ ಮೂರು ತಿಂಗಳು ಅವಕಾಶ ಇರುತ್ತೆ. ಎಲ್ಲರೂ ಮೊದಲು ಸಿಗೋ ದಿನಕ್ಕೆ ಓಡ್ತಾರೆ, ಕೆಲವರು ಹೆಚ್ಚು ದುಡ್ಡು ಕೊಟ್ಟು ಖಾಸಗಿ ಸಮಾರಂಭ ಮಾಡಿಸ್ಕೊಳ್ತಾರೆ. ನಾನು ಈ ಸಮಾರಂಭ ನಡೆಸೋ ಕೌನ್ಸಿಲ್‌ಗೆ (ಇಲ್ಲಿನ ಸ್ಥಳೀಯ ಆಡಳಿತ) ಫೋನ್ ಮಾಡಿ ಮೂರನೇ ತಿಂಗಳಿನ ದಿನ ಕೇಳಿದೆ. ಆ ಕಡೆಯ ಹೆಂಗಸು ನಂಬದೆ ಎರಡು ಸಲ ಕೇಳಿದಳು. ಕಾರಣ ಇಷ್ಟೇ: ಪ್ರಮಾಣ ಮಾಡಿದ ಗಳಿಗೆಗೆ 1955ರ ಪೌರತ್ವ ಕಾಯ್ದೆ ಪ್ರಕಾರ ಭಾರತದ ಪೌರತ್ವ ತಾನಾಗಿ ಹೋಗುತ್ತೆ, ಭಾರತದ ಪಾಸ್‌ಪೋರ್ಟ್ ಮೇಲೆ ಓಡಾಡೋ ಹಾಗಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಇನ್ನೂ ಬಂದಿರಲ್ಲ, ಮೊದಲ ಸಲದವರಿಗೆ ತತ್ಕಾಲ್ ಥರದ್ದೂ ಇಲ್ಲ. ಆ ವಾರಗಳಲ್ಲಿ ಊರಿಂದ ಫೋನ್ ಬಂದರೆ ಅತ್ತು ಸುಮ್ಮನಿರಬೇಕು, ಅಷ್ಟೇ. ಹಾಗಾಗಿ ಸಂಕ್ರಾಂತಿಗೆ ಹಳೇ ಪಾಸ್‌ಪೋರ್ಟಿನಲ್ಲೇ ಹೋಗಿ, ಆಪರೇಷನ್ ಮುಗಿಸಿ, ಹೊಲಿಗೆ ಬಿಚ್ಚಿಸಿ ಬಂದೆ. ವಾಪಸ್ ಬರುವಾಗ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ಬ್ರಿಟನ್ ವಾಸದ ಕಾರ್ಡ್ ಎಲ್ಲಿ ಅಂತ ಹಿಡಿದು ನಿಲ್ಲಿಸಿದರು. ಆ ಕಾರ್ಡುಗಳೆಲ್ಲ 2024ರ ಕೊನೆಗೇ ಮುಗಿದಿದ್ದವು, ಅದರ ಬದಲಿಗೆ ಬಂದ ಬ್ರಿಟನ್ನಿನ ಇ-ವೀಸಾ ತೋರಿಸಿದರೆ ಆ ಹುಡುಗನಿಗೆ ಅದೇನಂತಲೇ ಗೊತ್ತಿಲ್ಲ. ನಮ್ಮ ಅನುಮತಿಯನ್ನ ಆನ್‌ಲೈನ್‌ನಲ್ಲಿ ನೋಡೋಕೆ ಕೊಡೋ ಶೇರ್ ಕೋಡ್ ತೆಗೆದು ಪ್ರಿಂಟ್ ಇಟ್ಕೊಂಡಿದ್ದೆ, ಬಚಾವಾದೆ.

ಮಾರ್ಚ್‌ನಲ್ಲಿ ಪ್ರಮಾಣ. ಮಾರನೇ ದಿನವೇ ಪಾಸ್‌ಪೋರ್ಟಿಗೆ ಹಾಕಿದೆ. ಇಲ್ಲಿ ಸರದಿ ಮುಖ್ಯ: ಪೌರತ್ವದ ಪ್ರಮಾಣಪತ್ರ ಒಂದೇ ಪ್ರತಿ, ಅದೂ ಹಳೇ ಪಾಸ್‌ಪೋರ್ಟೂ ಮೊದಲು ಬ್ರಿಟಿಷ್ ಪಾಸ್‌ಪೋರ್ಟ್ ಕಚೇರಿಗೆ ಹೋಗಬೇಕು. ಅವು ವಾಪಸ್ ಬಂದ ಮೇಲೆಯೇ ವಿಎಫ್‌ಎಸ್‌ನಲ್ಲಿ (ಭಾರತದ ಹೈಕಮಿಷನ್ ಪರವಾಗಿ ಅರ್ಜಿ ತಗೊಳ್ಳೋ ಕಂಪನಿ) ಭಾರತದ ಪಾಸ್‌ಪೋರ್ಟ್ ಒಪ್ಪಿಸೋದು, ಓಸಿಐ (ಭಾರತ ಮೂಲದ ವಿದೇಶಿಯರಿಗೆ ಕೊಡೋ ಕಾಯಂ ವೀಸಾದಂಥ ಕಾರ್ಡ್) ಅದರ ಹಿಂದೆ. ನನಗೆ ಪಾಸ್‌ಪೋರ್ಟ್ ಮೂರು ವಾರದೊಳಗೆ ಬಂತು. ಮುಂದಿನ ತುರ್ತಿಗೆ ಓಸಿಐ ಕಾಯಬೇಕಿಲ್ಲ, ಬ್ರಿಟಿಷರಿಗೆ 2022ರ ಡಿಸೆಂಬರ್‌ನಿಂದ ಭಾರತದ ಇ-ವೀಸಾ ಮತ್ತೆ ಸಿಗ್ತಿದೆ. ನಾನು ಬೇಸಿಗೆಯಲ್ಲಿ ಅದರಲ್ಲೇ ಹೋಗಿ ಬಂದೆ. ಬೆಂಗಳೂರಿನಲ್ಲಿ ವಿದೇಶಿಯರ ಸಾಲಿನಲ್ಲಿ ನಿಂತು ಕನ್ನಡದಲ್ಲಿ ಮಾತಾಡಿದ್ದಕ್ಕೆ ಅಧಿಕಾರಿ ನಕ್ಕರು.

ಚಿಕ್ಕಪ್ಪನ ತಕರಾರು ಬೇರೆಯೇ ಇತ್ತು: "ಪರದೇಶದಾಕಿ ಆದ್ರೆ ಚನ್ನಗಿರಿ ತೋಟ ಕೈಬಿಡ್ತತಿ ನೋಡು." ಕೈಬಿಡಲ್ಲ. ಓಸಿಐ ಇರೋರು ಕೃಷಿಭೂಮಿ ಕೊಳ್ಳೋ ಹಾಗಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದರೆ ಇಟ್ಕೊಳ್ಳಬಹುದು. ಓಟು ಮಾತ್ರ ಹೋಯ್ತು.

ಓಸಿಐಗೆ ಮೊನ್ನೆ ಹಾಕಿದೀನಿ. ಫೋಟೊ ಚೌಕಾಕಾರ ಇರಬೇಕಿತ್ತು, ಊರಿನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯಲ್ಲಿ ತೆಗೆಸಿಕೊಂಡು ಬಂದ ಎಂಟು ಪ್ರತಿಯೂ ದಂಡ.