ಕೀಬೋರ್ಡ್ ತೊಳೆಯುವಾಗ ಸ್ಪೇಸ್ ಬಾರ್ ಮುರಿಯಬೇಡಿ

ಕೀಬೋರ್ಡ್ ಕೊಳೆಯಾಗಿದೆ ಅನಿಸಿದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಬಟ್ಟೆ ಒದ್ದೆ ಮಾಡಿ ಕೀಗಳ ಮೇಲೆ ಗಸಗಸ ತಿಕ್ಕುತ್ತಾರೆ. ಮೇಲ್ಗಡೆ ಹೊಳೆಯುತ್ತದೆ, ನಿಜ. ಆದರೆ ಸಂದಿಯಲ್ಲಿದ್ದ ಧೂಳು ನೀರು ಕುಡಿದು ಕೆಸರಾಗಿ ಒಳಗಿಳಿಯುತ್ತದೆ. ಅದು ಒಣಗಿದ ಮೇಲೆ ಯಾವುದೋ ಒಂದು ಕೀ ಒತ್ತಿದರೆ ಮೇಲೆ ಬರುವುದೇ ಇಲ್ಲ. ಇನ್ನು ಕೆಲವರು ಧೈರ್ಯ ಮಾಡಿ ಕೀಗಳನ್ನೇ ಕಿತ್ತು ತೊಳೆಯುತ್ತಾರೆ. ತೊಳೆಯುವುದೇನೋ ಚೆನ್ನಾಗಿಯೇ ಆಗುತ್ತದೆ. ಎಡವಟ್ಟಾಗುವುದು ಸ್ಪೇಸ್ ಬಾರನ್ನು ವಾಪಸ್ ಕೂರಿಸುವಾಗ. ಡಿಟಿಪಿ ಅಂಗಡಿಗಳಲ್ಲಿ, ಪರಿಚಯದವರ ಮನೆಗಳಲ್ಲಿ ಒಂದು ಬದಿಗೆ ವಾಲಿಕೊಂಡ ಸ್ಪೇಸ್ ಬಾರ್‌ಗಳನ್ನು ನೋಡಿ ನೋಡಿ ಬೇಸರವಾಗಿದೆ. ಅದಕ್ಕೇ ಈ ಲೇಖನದಲ್ಲಿ ಆ ಭಾಗವನ್ನು ಬಿಡಿಸಿ ಹೇಳಿದ್ದೇನೆ.

ನಿಮ್ಮದು ಯಾವ ಕೀಬೋರ್ಡ್?

ಮನೆ, ಕಚೇರಿಗಳಲ್ಲಿರುವ ಸಾಮಾನ್ಯ ಡೆಸ್ಕ್‌ಟಾಪ್ ಕೀಬೋರ್ಡ್‌ಗಳು ಮೆಂಬ್ರೇನ್ ಬಗೆಯವು. ಪ್ರತಿ ಕೀ ಕೆಳಗೆ ರಬ್ಬರಿನ ಪುಟ್ಟ ಗುಬ್ಬಟೆ, ಅದರಡಿ ಮೂರು ಪದರದ ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನ ಮತ್ತು ಕೆಳಗಿನ ಹಾಳೆಗಳಲ್ಲಿ ವಿದ್ಯುತ್ ಹರಿಯುವ ಗೆರೆಗಳಿವೆ, ನಡುವಿನದರಲ್ಲಿ ತೂತುಗಳಿವೆ. ಕೀ ಒತ್ತಿದಾಗ ತೂತಿನ ಮೂಲಕ ಎರಡೂ ಹಾಳೆಗಳು ಮುಟ್ಟುತ್ತವೆ, ಅಕ್ಷರ ಮೂಡುತ್ತದೆ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಸ್ಪ್ರಿಂಗ್ ಇರುವ ಪ್ರತ್ಯೇಕ ಸ್ವಿಚ್. ಈ ಎರಡೂ ಬಗೆಯಲ್ಲಿ ಸಾಮಾನ್ಯವಾಗಿ ಕೀಗಳನ್ನು ಕಿತ್ತು ತೊಳೆಯಬಹುದು.

ಲ್ಯಾಪ್‌ಟಾಪ್ ಕೀಗಳನ್ನು ಮಾತ್ರ ಕೀಳಬೇಡಿ. ಅವುಗಳ ಕೆಳಗೆ ಕತ್ತರಿಯ ಆಕಾರದ ತೆಳುವಾದ ಪ್ಲಾಸ್ಟಿಕ್ ಕೊಂಡಿ ಇರುತ್ತದೆ. ಅದರ ಮೂಲೆ ಮುರಿದರೆ ಒಂದು ಕೀಗಾಗಿ ಪೂರ್ತಿ ಕೀಬೋರ್ಡ್ ಬದಲಿಸಬೇಕಾಗಬಹುದು. ಲ್ಯಾಪ್‌ಟಾಪ್ ಆಫ್ ಮಾಡಿ, ವಾರೆಯಾಗಿ ಹಿಡಿದು ಗಾಳಿ ಊದಿ, ಬ್ರಷ್ ಆಡಿಸಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ. ಅಷ್ಟು ಸಾಕು.

ಬೇಕಾಗುವ ಸಾಮಾನು

ಒಂದು ಇಂಚಿನ ಹೊಸ ಪೇಂಟ್ ಬ್ರಷ್, ಹಳೇ ಟೂತ್ ಬ್ರಷ್, ಕಿವಿಗೆ ಹಾಕುವ ಹತ್ತಿ ಕಡ್ಡಿ, ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಟಬ್, ಜರಡಿ. ಒರೆಸಲು ಹಳೇ ಪಂಚೆಗಿಂತ ಒಳ್ಳೆಯ ಬಟ್ಟೆ ಇಲ್ಲ, ನೂಲು ಬಿಡುವುದಿಲ್ಲ. ಟವೆಲ್ ಬೇಡ, ಅದರ ಎಳೆಗಳು ಒಳಗೆ ಸಿಕ್ಕಿಕೊಳ್ಳುತ್ತವೆ.

ಇನ್ನೊಂದು ಮುಖ್ಯವಾದದ್ದು ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರು ಐಪಿಎ ಅನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ, ಆನ್‌ಲೈನ್‌ನಲ್ಲಿ ಚಿಕ್ಕ ಬಾಟಲಿ ಸಿಗುತ್ತದೆ. ಶೇ 99 ಅಂತ ಬರೆದಿರುವುದನ್ನೇ ತನ್ನಿ. ಶೇ 70ರದ್ದರಲ್ಲಿ ಉಳಿದದ್ದೆಲ್ಲ ನೀರೇ ಆಗಿರುವುದರಿಂದ ಒಣಗಲು ಹೊತ್ತು ಹಿಡಿಯುತ್ತದೆ. ಬೇಗ ಬೆಂಕಿ ಹತ್ತುವ ವಸ್ತು ಇದು. ಒಲೆ ಅಥವಾ ದೇವರ ದೀಪದ ಹತ್ತಿರ ಬಾಟಲಿ ತೆರೆಯಬೇಡಿ, ಕಿಟಕಿ ತೆಗೆದಿಡಿ.

ಕೊರೊನಾ ಕಾಲದಲ್ಲಿ ತಂದ ಸ್ಯಾನಿಟೈಸರ್ ಮನೆಯಲ್ಲಿ ಉಳಿದಿದೆ, ಅದನ್ನೇ ಹಾಕಿದರಾಗದೇ ಅಂತ ಕೇಳುತ್ತಾರೆ. ಆಗದು. ಕೈ ಒಣಗಬಾರದು ಅಂತ ಅದಕ್ಕೆ ಗ್ಲಿಸರಾಲ್ ಸೇರಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೇ ಶೇ 1.45ರಷ್ಟು ಗ್ಲಿಸರಾಲ್ ಇದೆ. ಆಲ್ಕೋಹಾಲ್ ಹಾರಿಹೋಗುತ್ತದೆ, ಗ್ಲಿಸರಾಲ್ ಅಂಟಂಟಾಗಿ ಉಳಿಯುತ್ತದೆ. ಜೆಲ್ ಆಗಿದ್ದರಂತೂ ಇನ್ನೂ ಕಷ್ಟ. ಬಣ್ಣಬಣ್ಣದ ಡಬ್ಬಿಯಲ್ಲಿ ಬರುವ ಕ್ಲೀನಿಂಗ್ ಜೆಲ್ಲಿಗೂ ದುಡ್ಡು ಹಾಕಬೇಡಿ. ಹೊಸದರಲ್ಲಿ ಧೂಳು ಎತ್ತುತ್ತದೆ, ಆದರೆ ನಮ್ಮ ಬೇಸಿಗೆಯ ಸೆಕೆಗೆ ಮೆತ್ತಗಾಗಿ ಕೀಗಳ ಅಡಿಯಲ್ಲಿ ತುಂಡು ತುಂಡಾಗಿ ಉಳಿದುಬಿಡುತ್ತದೆ. ನೇಲ್ ಪಾಲಿಷ್ ತೆಗೆಯುವ ದ್ರಾವಣವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಿಸಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಎಬಿಎಸ್ ಪ್ಲಾಸ್ಟಿಕ್ಕಿನ ಕೀ ಕರಗಿಯೇ ಹೋಗುತ್ತದೆ.

ಹಂತ 1: ವೈರ್ ಕೀಳಿ. ವೈರ್‌ಲೆಸ್ ಆದರೆ ಸೆಲ್ ತೆಗೆಯಿರಿ. ಮೊಬೈಲಿನಲ್ಲಿ ಕೀಬೋರ್ಡಿನ ಒಂದು ಫೋಟೊ ತೆಗೆದುಕೊಳ್ಳಿ. ಅಕ್ಷರಗಳ ಜಾಗ ನೆನಪಿದೆ ಅನ್ನುವವರೂ ಸ್ಕ್ರಾಲ್ ಲಾಕ್, ಪಾಸ್, ಇನ್ಸರ್ಟ್ ಕೀಗಳ ಹತ್ತಿರ ತಡವರಿಸುತ್ತಾರೆ.

ಹಂತ 2: ಒಣ ಕೊಳೆಯನ್ನು ಒಣಗಿರುವಾಗಲೇ ತೆಗೆಯಿರಿ. ಹಳೇ ಪೇಪರ್ ಹಾಸಿ, ಕೀಬೋರ್ಡನ್ನು ಬೋರಲು ಹಿಡಿದು ಬೆನ್ನಿಗೆ ಅಂಗೈಯಿಂದ ತಟ್ಟಿ. ಚುರುಮುರಿ, ಚಕ್ಕುಲಿ ಪುಡಿ, ಕೂದಲು, ಅವನ್ನು ಹುಡುಕಿಕೊಂಡು ಬಂದ ಇರುವೆ, ಎಲ್ಲವೂ ಉದುರುತ್ತವೆ. ಆಮೇಲೆ ಪೇಂಟ್ ಬ್ರಷ್ ಆಡಿಸಿ. ಆಯುಧಪೂಜೆಗೆ ಹಚ್ಚಿದ ಕುಂಕುಮ, ವಿಭೂತಿಯೂ ಹೀಗೇ ಹೋಗಬೇಕು. ಒದ್ದೆ ಬಟ್ಟೆ ಮುಟ್ಟಿಸಿದಿರೋ, ಕುಂಕುಮ ಬಣ್ಣ ಬಿಟ್ಟು ಅಕ್ಕಪಕ್ಕದ ಕೀಗಳಿಗೂ ಹರಡುತ್ತದೆ. ಬಿಳಿ ಕೀಗೆ ಅರಿಶಿನದ ಕಲೆ ಹಿಡಿದಿದ್ದರೆ ತೊಳೆದ ಮೇಲೆ ಆ ಒಂದು ಕೀಯನ್ನು ಬೆಳಗಿನ ಎಳೆ ಬಿಸಿಲಲ್ಲಿಡಿ. ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತದೆ.

ಹಂತ 3: ಕೀಗಳನ್ನು ಕೀಳುವುದು

ಮೊದಲು ಮೂಲೆಯಲ್ಲಿರುವ, ನೀವು ಬಳಸದ ಒಂದು ಕೀಯನ್ನು ಪರೀಕ್ಷಿಸಿ. ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ, ಕೀ ಅಡಿಗೆ ತೂರಿಸಿ ನಿಧಾನಕ್ಕೆ ಎತ್ತಿ. ನೇರವಾಗಿ ಮೇಲಕ್ಕೇ ಬರಬೇಕು, ತಿರುಚಬಾರದು. ಟಕ್ ಅಂತ ಬಂದರೆ ಉಳಿದವೂ ಬರುತ್ತವೆ. ಹದವಾದ ಬಲಕ್ಕೆ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಕೆಲವು ಚಪ್ಪಟೆ ಕೀಬೋರ್ಡ್‌ಗಳಲ್ಲಿ ಕೀಗಳು ಒಳಗಡೆಯಿಂದ ಸಿಕ್ಕಿಕೊಂಡಿರುತ್ತವೆ. ಅವುಗಳಿಗೆ ಬ್ರಷ್ ಮತ್ತು ಆಲ್ಕೋಹಾಲ್ ಹಚ್ಚಿದ ಹತ್ತಿ ಕಡ್ಡಿಯೇ ಗತಿ. ಮೆಕ್ಯಾನಿಕಲ್ ಕೀಬೋರ್ಡಿಗೆ ತಂತಿಯ ಕೀ ಪುಲ್ಲರ್ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಉಂಗುರದ ಪುಲ್ಲರ್ ಕೀಗಳ ಬದಿಯನ್ನು ಗೀಚುತ್ತದೆ.

ಚಿಕ್ಕ ಕೀಗಳನ್ನೆಲ್ಲ ಮೊದಲು ತೆಗೆದು, ಸ್ಪೇಸ್ ಬಾರ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್‌ಗಳನ್ನು ಕೊನೆಗೆ ಉಳಿಸಿಕೊಳ್ಳಿ. ಸುತ್ತ ಜಾಗ ಖಾಲಿಯಾದರೆ ಅಡಿಯಲ್ಲಿ ಏನಿದೆ ಅಂತ ಕಣ್ಣಿಗೆ ಕಾಣುತ್ತದೆ, ಬೆರಳೂ ಹೋಗುತ್ತದೆ.

ಉದ್ದ ಕೀಗಳ ಅಡಿಯಲ್ಲಿ ಒಂದು ತಂತಿ ಇರುತ್ತದೆ. ಸ್ಟೆಬಿಲೈಸರ್ ತಂತಿ ಅನ್ನುತ್ತಾರೆ. ಎರಡೂ ತುದಿಗಳು ಬಾಗಿರುತ್ತವೆ. ತಂತಿಯ ಉದ್ದ ಭಾಗ ಕೀ ಕೆಳಗಿನ ಹಿಡಿಕೆಗಳಲ್ಲಿ ಕೂತಿರುತ್ತದೆ, ಬಾಗಿದ ತುದಿಗಳು ಕೀಬೋರ್ಡಿನ ತಳದ ಎರಡು ಕೊಕ್ಕೆಗಳಲ್ಲಿ ಸಿಕ್ಕಿರುತ್ತವೆ. ಸ್ಪೇಸ್ ಬಾರಿನ ಯಾವ ತುದಿ ಒತ್ತಿದರೂ ಇಡೀ ಬಾರ್ ಸಮನಾಗಿ ಇಳಿಯುವುದು ಈ ತಂತಿಯಿಂದ. ಇದು ಗೊತ್ತಿಲ್ಲದೆ ಎಳೆದರೆ ಕೊಕ್ಕೆ ಮುರಿಯುತ್ತದೆ, ಇಲ್ಲವೇ ತಂತಿ ಬಾಗುತ್ತದೆ. ಮುರಿದ ಕೊಕ್ಕೆಗೆ ಅಂಟು ಹಾಕಿ ಪ್ರಯೋಜನವಿಲ್ಲ. ದಿನವಿಡೀ ಅಲುಗಾಡುವ ಜಾಗ ಅದು, ಅಂಟು ನಿಲ್ಲುವುದಿಲ್ಲ.

ಹಾಗಾಗಿ ಸ್ಪೇಸ್ ಬಾರನ್ನು ಎಡಗಡೆ ಸ್ವಲ್ಪ, ಬಲಗಡೆ ಸ್ವಲ್ಪ, ನಡುವೆ ಸ್ವಲ್ಪ, ಹೀಗೆ ಎಬ್ಬಿಸುತ್ತಾ ಬನ್ನಿ. ನಡುವಿನ ಕಾಂಡ, ಅಂದರೆ ಕೀಯನ್ನು ತಳಕ್ಕೆ ಸಿಕ್ಕಿಸುವ ಗೂಟ, ಸಡಿಲವಾದ ಕೂಡಲೇ ಕೈ ನಿಲ್ಲಿಸಿ. ಬಾರ್ ಈಗ ಬಿಟ್ಟುಕೊಂಡಂತೆ ಕಂಡರೂ ತಂತಿಯಿಂದ ತಳಕ್ಕೆ ಸಿಕ್ಕಿಕೊಂಡೇ ಇದೆ. ಅದನ್ನು ವಾರೆ ಮಾಡಿ ಅಡಿಗೆ ಮೊಬೈಲ್ ಟಾರ್ಚ್ ಬಿಡಿ. ಕೊಕ್ಕೆಗಳ ಬಾಯಿ ಯಾವ ದಿಕ್ಕಿಗಿದೆ ನೋಡಿ, ಅಲ್ಲೊಂದು ಫೋಟೊ ತೆಗೆಯಿರಿ. ಆಮೇಲೆ ತಂತಿಯನ್ನು ಆ ಬಾಯಿಯ ಕಡೆಗೇ ಜಾರಿಸಿ ಬಿಡಿಸಿ. ಮೇಲಕ್ಕೆ ಎಳೆಯಬೇಡಿ. ಮೆಕ್ಯಾನಿಕಲ್ ಕೀಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ತಂತಿ ತಳದಲ್ಲೇ ಉಳಿಯುತ್ತದೆ, ಎರಡೂ ಕಡೆ ಸಮವಾಗಿ ಎತ್ತಿದರೆ ಬಾರ್ ಬಂದುಬಿಡುತ್ತದೆ.

ತಂತಿಯನ್ನು ಬಾರಿನ ಹಿಡಿಕೆಗಳಿಂದಲೂ ಬಿಡಿಸಿ, ಗಾಜಿನ ಅಥವಾ ಟೈಲ್ಸ್ ನೆಲದ ಮೇಲೆ ಇಟ್ಟು ನೋಡಿ. ಅಲುಗಾಡದೆ ಚಪ್ಪಟೆಯಾಗಿ ಕೂರಬೇಕು. ಒಂದು ತುದಿ ಎದ್ದಿದ್ದರೆ ಬೆರಳಲ್ಲೇ ನಿಧಾನಕ್ಕೆ ನೆಟ್ಟಗೆ ಮಾಡಿ. ತಂತಿಯನ್ನು ನೀರಿಗೆ ಹಾಕಬೇಡಿ, ತುಕ್ಕು ಹಿಡಿಯುತ್ತದೆ. ಆಲ್ಕೋಹಾಲಿನಲ್ಲಿ ಒರೆಸಿಡಿ.

ಹಂತ 4: ಕೀಗಳನ್ನು ಉಗುರುಬೆಚ್ಚಗಿನ ನೀರಿಗೆ ಲಿಕ್ವಿಡ್ ಹಾಕಿ ಒಂದೆರಡು ಗಂಟೆ ನೆನೆಸಿ, ಟೂತ್ ಬ್ರಷ್‌ನಿಂದ ಉಜ್ಜಿ, ಜರಡಿಯಲ್ಲಿ ತೊಳೆಯಿರಿ. ಕುದಿಯುವ ನೀರು ಬೇಡ.

ಹಂತ 5: ತಳ ಒರೆಸುವುದು

ಇಲ್ಲಿ ಕೊಳೆ ಎಂಥದ್ದು ಅಂತ ತಿಳಿದು ಒರೆಸಬೇಕು. ಬೆರಳಿನ ಜಿಡ್ಡು, ಎಣ್ಣೆ ಆಲ್ಕೋಹಾಲಿಗೆ ಹೋಗುತ್ತದೆ. ಆದರೆ ಕಾಫಿ, ಟೀ, ಜ್ಯೂಸ್ ಚೆಲ್ಲಿ ಗಟ್ಟಿಯಾಗಿದ್ದರೆ ಅಲ್ಲಿರುವುದು ಸಕ್ಕರೆ. ಸಕ್ಕರೆ ಆಲ್ಕೋಹಾಲಿನಲ್ಲಿ ಕರಗುವುದಿಲ್ಲ ಅನ್ನಬಹುದು. ಎಷ್ಟು ಉಜ್ಜಿದರೂ ಅಂಟು ಹಾಗೇ ಇರುತ್ತದೆ. ದುಬಾರಿ ಐಪಿಎ ತಂದರೂ ಹೋಗಲಿಲ್ಲ ಅಂತ ದೂರುವವರೆಲ್ಲ ಎಡವಿರುವುದು ಇಲ್ಲೇ. ಮೊದಲು ಹತ್ತಿ ಕಡ್ಡಿಯನ್ನು ಬೆಚ್ಚಗಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಆ ಜಾಗಕ್ಕೆ ಒತ್ತಿ ಹಿಡಿದು ಸಕ್ಕರೆ ಕರಗಿಸಿ ತೆಗೆಯಿರಿ. ಆಮೇಲೆ ಆಲ್ಕೋಹಾಲ್ ಹಚ್ಚಿ. ಅದು ಉಳಿದ ತೇವವನ್ನೂ ಬೇಗ ಆರಿಸುತ್ತದೆ. ದ್ರವವನ್ನು ಕೀಬೋರ್ಡಿಗೆ ನೇರವಾಗಿ ಸುರಿಯಬೇಡಿ, ಸ್ಪ್ರೇ ಮಾಡಬೇಡಿ. ಕಡ್ಡಿಗೋ ಬಟ್ಟೆಗೋ ಹಾಕಿಕೊಂಡೇ ಒರೆಸಿ.

ಕೀಗಳ ಮೇಲ್ಮೈಗೆ ಆಲ್ಕೋಹಾಲ್ ಹಾಕುವ ಮುನ್ನ ಸ್ಕ್ರಾಲ್ ಲಾಕ್ ಕೀ ಮೇಲೆ ನೋಡಿಕೊಳ್ಳಿ. ಅಗ್ಗದ ಕೀಬೋರ್ಡ್‌ಗಳಲ್ಲಿ ಅಕ್ಷರಗಳನ್ನು ಮೇಲೆ ಅಚ್ಚು ಒತ್ತಿರುತ್ತಾರೆ, ಜಾಸ್ತಿ ತಿಕ್ಕಿದರೆ ಅಳಿಸಿಹೋಗುತ್ತವೆ.

ಹಂತ 6: ಒಣಗಿಸುವುದು. ಕೀಗಳನ್ನು ಪಂಚೆ ಮೇಲೆ ಬಾಯಿ ಕೆಳಗಾಗಿ ಹರಡಿ, ಫ್ಯಾನ್ ಕೆಳಗೆ ರಾತ್ರಿಯಿಡೀ ಬಿಡಿ. ಹೊರಗಡೆ ಒಣಗಿದ್ದರೂ ಕಾಂಡದ ತೂತಿನಲ್ಲಿ ಒಂದು ಹನಿ ನಿಂತಿರುತ್ತದೆ. ಬೆಳಗ್ಗೆ ಒಂದೊಂದನ್ನೇ ಅಂಗೈ ಮೇಲೆ ಕುಟ್ಟಿ ನೋಡಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿ ಇನ್ನೊಂದು ದಿನ ಹೆಚ್ಚಿಗೆ ಕೊಡಿ. ಹೇರ್ ಡ್ರೈಯರ್ ಬಿಸಿ ಮಾಡಿ ಹಿಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದೂ ಬೇಡ, ಅಕ್ಕಿಯ ಪುಡಿ ಒಳಗೆ ಸೇರುತ್ತದೆ.

ಹಂತ 7: ವಾಪಸ್ ಕೂರಿಸುವುದು

ಕೀಳುವಾಗ ಕೊನೆಗೆ ತೆಗೆದ ಉದ್ದ ಕೀಗಳನ್ನು ಈಗ ಎಲ್ಲಕ್ಕಿಂತ ಮೊದಲು ಹಾಕಬೇಕು. ತಂತಿ ಕೂರುವ ಜಾಗಗಳಿಗೆ ಟೂತ್‌ಪಿಕ್ ತುದಿಯಲ್ಲಿ ಒಂಚೂರು ಸಿಲಿಕೋನ್ ಗ್ರೀಸ್ ಹಚ್ಚಿ. ಅದಿಲ್ಲದಿದ್ದರೆ ಏನೂ ಹಚ್ಚಬೇಡಿ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಬಿಡುವವರಿದ್ದಾರೆ. ಕೆಲವು ದಿನ ಸಲೀಸಾಗಿ ಓಡುತ್ತದೆ, ಆಮೇಲೆ ಧೂಳೆಲ್ಲ ಅಲ್ಲೇ ಮೆತ್ತಿಕೊಳ್ಳುತ್ತದೆ.

ತಂತಿಯನ್ನು ಮೊದಲು ಸ್ಪೇಸ್ ಬಾರಿನ ಹಿಡಿಕೆಗಳಿಗೆ ಹಾಕಿ. ಕೈಯಲ್ಲಿ ಆಡಿಸಿದರೆ ಅದು ಉಯ್ಯಾಲೆಯ ಹಾಗೆ ಸರಾಗವಾಗಿ ತೂಗಬೇಕು. ಬಿಗಿಯಾಗಿದ್ದರೆ ತೆಗೆದು ಮತ್ತೆ ಹಾಕಿ. ಈಗ ಬಾರನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿಕೊಂಡು, ಫೋಟೊ ನೋಡಿಕೊಂಡು, ತಂತಿಯ ಒಂದು ತುದಿಯನ್ನು ಕೊಕ್ಕೆಯೊಳಗೆ ಸೇರಿಸಿ. ನಂತರ ಇನ್ನೊಂದು. ಎರಡೂ ಸೇರಿದವಾ ಅಂತ ಬಾರನ್ನು ಹಗುರವಾಗಿ ಅಲುಗಾಡಿಸಿ ನೋಡಿ. ಆಮೇಲೆ ನಿಧಾನಕ್ಕೆ ಮಲಗಿಸಿ, ನಡುವಿನ ಕಾಂಡವನ್ನು ಅದರ ತೂತಿನ ನೇರಕ್ಕೆ ತಂದು ಹೆಬ್ಬೆರಳಿನಿಂದ ಒತ್ತಿ. ಟಕ್ ಅನ್ನಬೇಕು.

ಈಗ ಎಡ ತುದಿ, ನಡು, ಬಲ ತುದಿ ಒಂದೊಂದನ್ನೇ ಒತ್ತಿ. ಮೂರು ಕಡೆಯೂ ಬಾರ್ ಸಮನಾಗಿ ಇಳಿದು ಸಮನಾಗಿ ಏಳಬೇಕು. ಒಂದು ತುದಿ ಮಾತ್ರ ಇಳಿದರೆ ಆ ಕಡೆಯ ಕೊಕ್ಕೆ ತಪ್ಪಿದೆ ಅಂತ ಅರ್ಥ. ಬಲವಾಗಿ ಗುದ್ದಿ ಕೂರಿಸಲು ಹೋಗಬೇಡಿ, ಬಿಚ್ಚಿ ಮತ್ತೆ ಶುರು ಮಾಡಿ. ನಾಲ್ಕನೇ ಸಲ ಬಿಚ್ಚಬೇಕಾಗಿ ಬಂದರೂ ಪರವಾಗಿಲ್ಲ, ಕೊಕ್ಕೆ ಉಳಿದರೆ ಕೀಬೋರ್ಡ್ ಉಳಿಯುತ್ತದೆ.

ಚಿಕ್ಕ ಕೀಗಳನ್ನು ಸಾಲು ಸಾಲಾಗಿ ಒತ್ತಿಬಿಡಿ. ಒಂದೊಂದು ಸಾಲಿನ ಕೀಗಳ ಇಳಿಜಾರು ಬೇರೆ ಇರಬಹುದು, ಸಾಲು ಅದಲುಬದಲು ಮಾಡಬೇಡಿ. ಬೆರಳಿಗೆ ತಾಗುವ ಚಿಕ್ಕ ಗೆರೆಯಿರುವ ಎರಡು ಅಕ್ಷರದ ಕೀಗಳು ಎಫ್ ಮತ್ತು ಜೆ. ನಂಬರ್ ಪ್ಯಾಡಿನ ಆರು, ಒಂಬತ್ತು ಅದಲುಬದಲಾಗದಂತೆ ನೋಡಿಕೊಳ್ಳಿ. ವೈರ್ ಸಿಕ್ಕಿಸಿ, ನೋಟ್‌ಪ್ಯಾಡ್ ತೆರೆದು ಎಲ್ಲ ಕೀಗಳನ್ನೂ ಒತ್ತಿ ನೋಡಿ.

ಕನ್ನಡ ಅಕ್ಷರಗಳ ಸ್ಟಿಕರ್ ಅಂಟಿಸಿದ ಕೀಬೋರ್ಡ್ ಆಗಿದ್ದರೆ ನೆನೆಸಿದಾಗಲೇ ಅವು ಎದ್ದುಬಂದಿರುತ್ತವೆ. ಹಳೆಯವನ್ನು ಮತ್ತೆ ಅಂಟಿಸಬೇಡಿ, ಮೂಲೆ ಎದ್ದು ಅಲ್ಲೇ ಕೊಳೆ ಸೇರುತ್ತದೆ. ನುಡಿ ತಂತ್ರಾಂಶದಲ್ಲಿ ಕೆ.ಪಿ. ರಾವ್ ಕೀಲಿ ವಿನ್ಯಾಸ ಬಳಸುವವರಿಗೆ ಸ್ಟಿಕರ್ ಇಲ್ಲದೆಯೂ ನಡೆಯುತ್ತದೆ, ಕೆ ಒತ್ತಿದರೆ ಕ ಬರುತ್ತದೆ ಅಲ್ವಾ. ಇಂಗ್ಲಿಷ್ ಅಕ್ಷರದ ಉಚ್ಚಾರಕ್ಕೆ ಹೊಂದದ ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರು ಸ್ಟಿಕರಿನ ಹೊಸ ಸೆಟ್ ತನ್ನಿ. ಅಂಟಿಸುವ ಮುನ್ನ ಒಣಗಿದ ಕೀಗಳನ್ನು ಆಲ್ಕೋಹಾಲಿನಲ್ಲಿ ಒಮ್ಮೆ ಒರೆಸಿ, ಆರಲು ಬಿಡಿ. ಎಫ್ ಮತ್ತು ಜೆ ಕೀಗಳ ಸ್ಟಿಕರನ್ನು ಮಾತ್ರ ಗೆರೆ ಮುಚ್ಚದಂತೆ ಕತ್ತರಿಸಿ ಅಂಟಿಸಿ.